ಓಡುವ ಕಾರಿಗೆ ಮೊದಲ ಮಣೆ

ವಾರ್ಷಿಕ ಪ್ರದರ್ಶನ ಹತ್ತಿರ ಬಂತೆಂದರೆ ನಮ್ಮ ಹಳೇ ಕಾರುಗಳ ಕ್ಲಬ್ಬಿನ ಸಭೆಯಲ್ಲಿ ಮಿಕ್ಕ ವಿಷಯಗಳೆಲ್ಲ ಹಿಂದೆ ಸರಿಯುತ್ತವೆ. ಮೊದಲ ಬಹುಮಾನ ಯಾವ ಕಾರಿಗೆ ಎಂಬುದೊಂದೇ ಮಾತು. ಲಾರಿಯ ಮೇಲೆ ಬಂದು ಲಾರಿಯ ಮೇಲೇ ವಾಪಸು ಹೋಗುವ, ಕ್ರೋಮಿಯಂ ಫಳಫಳ ಎನ್ನುವ ಅಮೆರಿಕನ್ ಕಾರಿಗೋ, ನಂಜನಗೂಡಿನಿಂದ ಬೆಳಗಿನ ಜಾವ ಹೊರಟು ತಾನೇ ಓಡಿಕೊಂಡು ಮೈಸೂರಿಗೆ ಬಂದ ಫಿಯಟ್ 1100ಕ್ಕೋ? ನನ್ನ ಮತ ಪ್ರತಿ ಸಲವೂ ಫಿಯಟ್ಟಿಗೆ. ಮೊದಲನೆಯ ಕಾರು ಚೆನ್ನಾಗಿಲ್ಲ ಎಂದಲ್ಲ. ಅದರ ಮೇಲೆ ಅಷ್ಟು ದುಡ್ಡು, ಅಷ್ಟು ತಾಳ್ಮೆ ಸುರಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಕಾರು ಹುಟ್ಟಿದ್ದೇ ಓಡುವುದಕ್ಕೆ. ಅದನ್ನು ಓಡಿಸುವುದು, ಓಡಿಸಲು ಬೇಕಾದ ಕೈವಿದ್ಯೆಯನ್ನು ಮುಂದಿನವರಿಗೆ ದಾಟಿಸುವುದು ಕ್ಲಬ್ಬಿನ ಮೊದಲ ಕೆಲಸ. ಪ್ರದರ್ಶನ ಆಮೇಲಿನದು.

ಇದಕ್ಕೆ ದೊಡ್ಡ ಮೇಲ್ಪಂಕ್ತಿ ಇಂಗ್ಲೆಂಡಿನಲ್ಲಿದೆ. 1896ರ ನವೆಂಬರ್ 14ರಂದು, ಅಲ್ಲಿ ಮೋಟಾರು ಗಾಡಿಗಳ ವೇಗಮಿತಿಯನ್ನು ಸಡಿಲಿಸಿದ ಕಾಯಿದೆ ಜಾರಿಗೆ ಬಂದ ದಿನವೇ, ಒಂದಷ್ಟು ಮಂದಿ ಲಂಡನ್ನಿನಿಂದ ಬ್ರೈಟನ್ನಿಗೆ ಕಾರು ಓಡಿಸಿದರು. ಅದರ ನೆನಪಿಗೆ 1927ರಲ್ಲಿ ಮತ್ತೆ ಶುರುವಾದ ಓಟಕ್ಕೆ 1905ಕ್ಕಿಂತ ಮುಂಚೆ ತಯಾರಾದ ಕಾರುಗಳಿಗಷ್ಟೇ ಪ್ರವೇಶ. ದೂರ ಸುಮಾರು 60 ಮೈಲಿ. ಅಲ್ಲಿ ಮೊದಲು ಬಂದವರಿಗೆ ಬಹುಮಾನವಿಲ್ಲ; ಸಂಜೆ ನಾಲ್ಕೂವರೆಯೊಳಗೆ ಬ್ರೈಟನ್ ಮುಟ್ಟಿದವರಿಗೆಲ್ಲ ಪದಕ. ಬ್ರಿಟನ್ನಿನ ವೆಟರನ್ ಕಾರ್ ಕ್ಲಬ್ ಹುಟ್ಟಿದ್ದು 1930ರಲ್ಲಿ, ಇದೇ ಓಟ ಮುಗಿಸಿದವರ ನಡುವೆ. ಓಟ ಮೊದಲು, ಕ್ಲಬ್ಬು ಆಮೇಲೆ. ಈ ಅನುಕ್ರಮವೇ ಸರಿ ಎಂದು ನನ್ನ ನಂಬಿಕೆ. ನಮ್ಮ ದೇಶದಲ್ಲೂ ದೆಹಲಿಯ ಸ್ಟೇಟ್ಸ್‌ಮನ್ ರ್‍ಯಾಲಿ 1964ರಿಂದ ಹಳೇ ಕಾರುಗಳನ್ನು ರಸ್ತೆಗೆ ಇಳಿಸುತ್ತಾ ಬಂದಿದೆ.

ನಮ್ಮದು ಅಷ್ಟು ದೊಡ್ಡದಲ್ಲ. ಭಾನುವಾರ ಬೆಳಗ್ಗೆ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಒಂದು ಸವಾರಿ, ಅಲ್ಲಿ ತಿಂಡಿ ಕಾಫಿ, ಬಿಸಿಲೇರುವ ಮೊದಲು ವಾಪಸು. ಆದರೆ ಇದನ್ನು ಸರಿಯಾಗಿ ನಡೆಸುವುದು ಸಣ್ಣ ಕೆಲಸವಲ್ಲ. ಎಲ್ಲಕ್ಕಿಂತ ನಿಧಾನದ ಕಾರು ಎಲ್ಲರಿಗಿಂತ ಮುಂದಿರಬೇಕು. 747 ಸಿಸಿಯ ಆಸ್ಟಿನ್ ಸೆವೆನ್ ಮುಂದಿದ್ದರೆ ಉಳಿದವರು ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತಾರೆ. ಅದನ್ನು ಹಿಂದೆ ಬಿಟ್ಟರೆ ಸಾಲು ಹರಿದುಹೋಗುತ್ತದೆ, ಮುಂದಿನವರನ್ನು ಹಿಡಿಯಲು ಹೋಗಿ ಪಾಪದ ಆಸ್ಟಿನ್ನಿನ ರೇಡಿಯೇಟರು ಕುದಿಯುತ್ತದೆ. ಎಲ್ಲರ ಹಿಂದೆ ಈಗಿನ ಕಾಲದ ಒಂದು ಗಾಡಿ ಬರುತ್ತದೆ. ಅದರಲ್ಲಿ ಹಗ್ಗ, ನೀರಿನ ಕ್ಯಾನು, ಫ್ಯಾನ್ ಬೆಲ್ಟು, ಕಂಡೆನ್ಸರು, ಪಾಯಿಂಟು ಇರಲೇಬೇಕು. ಹಳೇ ಬಟ್ಟೆಯೂ ಬೇಕು. ಸಿಗ್ನಲ್ಲಿನಲ್ಲಿ ಬಹಳ ಹೊತ್ತು ನಿಂತರೆ ಎಂಜಿನ್ನಿನ ಕಾವಿಗೆ ಪೈಪಿನೊಳಗೇ ಪೆಟ್ರೋಲು ಆವಿಯಾಗಿ ಕಾರ್ಬ್ಯುರೇಟರಿಗೆ ಎಣ್ಣೆ ಹೋಗುವುದು ನಿಂತುಬಿಡುತ್ತದೆ. ಆಗ ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಸುತ್ತಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಗಾಬರಿಯಾಗಿ ಸೆಲ್ಫ್ ಒತ್ತುತ್ತಲೇ ಇದ್ದರೆ ಬ್ಯಾಟರಿಯೂ ಹೋಗುತ್ತದೆ.

ಈ ತಿಳಿವಳಿಕೆಯೆಲ್ಲ ಕೈಯಿಂದ ಕೈಗೆ ಬರುವಂಥದ್ದು. ಒಮ್ಮೆ ಸವಾರಿಗೆ ಮುಂಚೆ ನಮ್ಮ ಹಿರಿಯ ಮೇಸ್ತ್ರಿಯೊಬ್ಬರು ಕಾಲೇಜು ಹುಡುಗನಿಗೆ ಫೋರ್ಡ್ ಮಾಡೆಲ್ ಎ ಶುರು ಮಾಡುವುದನ್ನು ಹೇಳಿಕೊಟ್ಟರು. 1927ರ ಕೊನೆಯಿಂದ 1931ರವರೆಗೆ ಬಂದ ಕಾರು ಅದು. ಪೆಟ್ರೋಲ್ ಟ್ಯಾಂಕು ಗಾಜಿನ ಕೆಳಗೆ, ಚಾಲಕನ ಎದುರಿಗೇ ಇದೆ. ಪಂಪಿಲ್ಲ, ಎಣ್ಣೆ ತಾನಾಗಿ ಕೆಳಗಿಳಿದು ಕಾರ್ಬ್ಯುರೇಟರಿಗೆ ಬರುತ್ತದೆ. ಹುಡುಗ ಕಾಕ್ ತೆರೆದ. ಸ್ಟಿಯರಿಂಗಿನ ಎಡಗಡೆಯ ಸ್ಪಾರ್ಕ್ ಲಿವರನ್ನು ಪೂರ್ತಿ ಮೇಲಕ್ಕೆ ತಳ್ಳಿದ, ಬಲಗಡೆಯ ಥ್ರಾಟಲ್ ಲಿವರನ್ನು ಒಂಚೂರು ಇಳಿಸಿದ. ಆಮೇಲೆ ಕಾರಿನ ಮುಂದೆ ಬಂದು, ಕೋಲು ಹಿಡಿಯುವ ಹಾಗೆ ಹ್ಯಾಂಡಲ್ಲನ್ನು ಮುಷ್ಟಿ ಕಟ್ಟಿ ಹಿಡಿದ.

“ಹೆಬ್ಬೆರಳು ತೆಗಿ ಮಗಾ,” ಅಂದರು ಮೇಸ್ತ್ರಿ.

“ಹಿಡಿತ ಸಾಲದಲ್ಲ ಸಾರ್?”

“ಹಿಡಿತ ಬೇಡ ಕಣೋ. ಹೆಬ್ಬೆರಳೂ ನಾಲ್ಕು ಬೆರಳ ಜೊತೆಗೇ ಇರಲಿ. ಕೆಳಗಿಂದ ಮೇಲಕ್ಕೆ ಒಂದೇ ಸಲ ಎಳಿ. ಮೇಲಿಂದ ಕೆಳಕ್ಕೆ ಅದುಮೋಕೆ ಮಾತ್ರ ಹೋಗ್ಬೇಡ.”

ಸ್ಪಾರ್ಕು ಮುಂಚೆಯೇ ಬಿದ್ದರೆ ಎಂಜಿನ್ನು ಉಲ್ಟಾ ಒದೆಯುತ್ತದೆ. ಹೆಬ್ಬೆರಳು ಸುತ್ತಿಕೊಂಡಿದ್ದರೆ ಅದು ಮುರಿಯುತ್ತದೆ, ಕೆಲವೊಮ್ಮೆ ಮಣಿಕಟ್ಟೂ ಹೋಗುತ್ತದೆ. ಲಿವರನ್ನು ಮೇಲಿಡುವುದು ಸ್ಪಾರ್ಕನ್ನು ತಡ ಮಾಡುವುದಕ್ಕೆ. ಎಂಜಿನ್ನು ಹತ್ತಿಕೊಂಡ ಮೇಲೆ ಅದನ್ನು ನಿಧಾನವಾಗಿ ಕೆಳಗಿಳಿಸಿದಾಗ ಎಂಜಿನ್ನಿನ ಸದ್ದು ಒರಟುತನ ಬಿಟ್ಟು ನಯವಾಗುತ್ತದೆ. ಹುಡುಗ ಲಿವರ್ ಇಳಿಸುತ್ತಾ ಆ ಸದ್ದು ಬದಲಾಗುವುದನ್ನು ಕೇಳಿಸಿಕೊಂಡ. ಅವತ್ತಿನಿಂದ ಅವನು ನಮ್ಮ ಕ್ಲಬ್ಬಿನವನು, ಅವನ ಹತ್ತಿರ ಕಾರೂ ಇಲ್ಲ, ಸ್ಕೂಟರೂ ಇಲ್ಲ.

ಕಾರಿದ್ದವರಿಗಷ್ಟೇ ಸದಸ್ಯತ್ವ ಎಂಬ ನಿಯಮ ಇಟ್ಟುಕೊಂಡ ಕ್ಲಬ್ಬುಗಳಿವೆ. ಅದು ತಪ್ಪು ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಹಳೇ ಕಾರು ಉಳಿದಿರುವುದು ಮಾಲೀಕರಿಂದ ಮಾತ್ರವಲ್ಲ. ಸಿಗದ ಬುಷ್ಷನ್ನು ಲೇತಿನಲ್ಲಿ ಕಡೆದು ಕೊಡುವವರು, ಮಡ್‌ಗಾರ್ಡಿನ ತಗಡನ್ನು ಮರದ ಸುತ್ತಿಗೆಯಿಂದ ಬಡಿದು ಹದಕ್ಕೆ ತರುವ ಟಿಂಕರಿಂಗಿನವರು, ಸೀಟು ಹೊಲಿಯುವವರು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲೂ ಶಿವಾಜಿನಗರದ ಗುಜರಿಯಲ್ಲೂ ರಾಶಿಯೊಳಗಿಂದ ಬೇಕಾದ ಒಂದೇ ಸಾಮಾನನ್ನು ಗುರುತಿಸಿ ತೆಗೆಯುವವರು, ಇವರೆಲ್ಲ ಸಭೆಯಲ್ಲಿ ಕುರ್ಚಿಯ ಮೇಲೆ ಕೂರಬೇಕು. ಇವರಲ್ಲಿ ಅನೇಕರಿಗೆ ಈಗ ವಯಸ್ಸಾಗಿದೆ. ಅವರ ಮಕ್ಕಳು ಬೇರೆ ಕೆಲಸಗಳಿಗೆ ಹೋಗಿದ್ದಾರೆ. ಪ್ರದರ್ಶನದ ಶಾಮಿಯಾನಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಇವರ ಕೈಕೆಳಗೆ ಕಲಿಯುವ ಹುಡುಗ ಹುಡುಗಿಯರಿಗೆ ಕೊಟ್ಟರೆ ಕ್ಲಬ್ಬಿನ ದುಡ್ಡು ಸಾರ್ಥಕ.

ಈಗ ಹಳೇ ಕಾರುಗಳಿಗೆ ಬಂದಿರುವ ಹೊಸ ತೊಂದರೆ ಪೆಟ್ರೋಲಿನದು. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ದೇಶದ ಲೆಕ್ಕದಲ್ಲಿ ಅದಕ್ಕೆ ಕಾರಣಗಳಿವೆ, ಕಬ್ಬು ಬೆಳೆಯುವವರಿಗೆ ಅನುಕೂಲವೂ ಇದೆ. ಆದರೆ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೇ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಎಷ್ಟೋ ಹಳೇ ಕಾರುಗಳಲ್ಲಿ ಪೆಟ್ರೋಲಿನ ಮಟ್ಟ ನೋಡುವ ತೇಲುಗುಂಡು ಕಾರ್ಕಿನದು. ಅದಕ್ಕೆ ಎಣ್ಣೆ ಇಳಿಯದಂತೆ ಅರಗಿನ ಲೇಪ ಕೊಟ್ಟಿರುತ್ತಾರೆ. ಮರಗೆಲಸದವರು ಪಾಲಿಶ್ ಮಾಡಲು ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲಿ, ಅಂದರೆ ಇದೇ ಮದ್ಯಸಾರದಲ್ಲಿ. ಲೇಪ ಕರಗಿದ ಕಾರ್ಕು ಪೆಟ್ರೋಲು ಕುಡಿದು ಮುಳುಗುತ್ತದೆ, ಕರಗಿದ ಅರಗು ಜೆಟ್ಟಿಗೆ ಹೋಗಿ ಅಂಟುತ್ತದೆ. ಹಿತ್ತಾಳೆ ಅಥವಾ ಎಥನಾಲ್ ತಡೆಯುವ ಬೇರೆ ವಸ್ತುವಿನ ತೇಲುಗುಂಡು ಹಾಕಿಸಿ, ರಬ್ಬರ್ ಪೈಪು ಮತ್ತು ಪಂಪಿನ ಡಯಾಫ್ರಮ್ ಬದಲಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಖಾಲಿ ಮಾಡಿಡಿ. ಈ ಮಾತನ್ನು ಪ್ರತಿ ಸದಸ್ಯನ ಮನೆಗೂ ಮುಟ್ಟಿಸುವುದು ಬಹುಮಾನದ ಪಟ್ಟಿ ಮಾಡುವುದಕ್ಕಿಂತ ತುರ್ತಿನ ಕೆಲಸ.

ಕಾಗದ ಪತ್ರದ ಕೆಲಸವೂ ಅಷ್ಟೇ ಮುಖ್ಯ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಭಾರಿ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರ ಮರುನೋಂದಣಿಗೆ 5,000. ಹೊಸದಾಗಿ ನೋಂದಾಯಿಸಿದರೆ ‘ವಿಎ’ ಸರಣಿಯ ನಂಬರು. ಈಗಾಗಲೇ ನೋಂದಣಿ ಇದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಎಂವೈ ಅಕ್ಷರಗಳಿಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರನ್ನು ಉಳಿಸಿಕೊಂಡವರಿಗೆ ಇದರ ಬೆಲೆ ಗೊತ್ತು. ಹೀಗೆ ನೋಂದಾಯಿಸಿದ ಕಾರನ್ನು ಬಾಡಿಗೆಗೆ ಬಿಡುವಂತಿಲ್ಲ, ದಿನನಿತ್ಯ ಓಡಿಸುವಂತಿಲ್ಲ. ರ್‍ಯಾಲಿ, ಪ್ರದರ್ಶನ, ಪೆಟ್ರೋಲು ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಅವಕಾಶ. ಅಂದಮೇಲೆ ಕ್ಲಬ್ಬು ಸವಾರಿ ಏರ್ಪಡಿಸದಿದ್ದರೆ ಆ ಕಾರು ಮನೆಯಿಂದ ಹೊರಬರುವುದೇ ಅಪರೂಪವಾಗುತ್ತದೆ.

50 ವರ್ಷದ ಈ ಲೆಕ್ಕದಿಂದ ಒಂದು ಒಳ್ಳೆಯದಾಗಿದೆ. ನಮ್ಮಲ್ಲೇ ತಯಾರಾದ ಕಾರುಗಳೂ ಮರ್ಯಾದೆಯ ಸಾಲಿಗೆ ಬಂದಿವೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೋಡಿ. ಅದರ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಮಗುಚುತ್ತದೆ, ಎಂಜಿನ್ನಿನ ಪಕ್ಕ ಚಕ್ರದ ಮೇಲೇ ಕೂತು ಕೆಲಸ ಮಾಡಬಹುದು. ನಾಲ್ಕು ಬಾಗಿಲಿನ ಹೆರಾಲ್ಡನ್ನು ಮಾಡಿದ್ದು ಭಾರತದಲ್ಲಿ ಮಾತ್ರ, ಇಂಗ್ಲೆಂಡಿನವರೂ ಮಾಡಲಿಲ್ಲ. ಅಂಥ ಕಾರುಗಳನ್ನು ನಾವೇ ತೂಕಕ್ಕೆ ಹಾಕಿಬಿಟ್ಟೆವು. ಈಗ ಉಳಿದಿರುವ ಒಂದೊಂದೂ ನನ್ನ ಕಣ್ಣಿಗೆ ಹೊರದೇಶದ ದುಬಾರಿ ಕಾರಿಗಿಂತ ದೊಡ್ಡದು. ಅದರ ಬಣ್ಣ ಮಾಸಿದ್ದರೂ ಮೂಲದ್ದಾಗಿದ್ದರೆ ಹಾಗೇ ಬಿಡಿ. ಹೊಸ ಬಣ್ಣ ಯಾವಾಗ ಬೇಕಾದರೂ ಬಳಿಯಬಹುದು, ಕೆರೆದು ಹಾಕಿದ ಮೂಲ ಬಣ್ಣ ವಾಪಸು ಬರುವುದಿಲ್ಲ.

ಧರ್ಮಸ್ಥಳದ ಕಾರು ಸಂಗ್ರಹವನ್ನೂ ಮೈಸೂರು ದಾರಿಯ ‘ಪಯಣ’ವನ್ನೂ ನೋಡಿ ಬಂದವರು, ಇಷ್ಟು ದೊಡ್ಡ ಸಂಗ್ರಹಾಲಯಗಳಿರುವಾಗ ಊರ ಕ್ಲಬ್ಬು ಯಾಕೆ ಎಂದು ಕೇಳುತ್ತಾರೆ. ಇವನ್ನು ಕಟ್ಟಿದ ವೀರೇಂದ್ರ ಹೆಗ್ಗಡೆಯವರು ಮಾಡಿದ ಉಪಕಾರ ದೊಡ್ಡದು. ಅಲ್ಲಿಗೆ ಹೋದ ಕಾರು ಗುಜರಿಗೆ ಹೋಗದೆ ಉಳಿಯಿತು. ಆದರೆ ಎಲ್ಲ ಕಾರುಗಳೂ ಸಂಗ್ರಹಾಲಯಕ್ಕೆ ಹೋಗಲಾರವು, ಹೋಗಬೇಕಾಗಿಯೂ ಇಲ್ಲ.

ನಿಮ್ಮ ತೋಟದ ಶೆಡ್ಡಿನಲ್ಲೋ ಅಜ್ಜನ ಮನೆಯ ಹಿತ್ತಲಿನಲ್ಲೋ ಟಾರ್ಪಾಲು ಹೊದ್ದು ನಿಂತ ಕಾರೊಂದಿದ್ದರೆ, ಈ ವಾರವೇ ಅದರ ಆರ್‌ಸಿ ಪುಸ್ತಕ ಹುಡುಕಿ ತೆಗೆದು ಭದ್ರವಾಗಿಡಿ. ಗುಜರಿಯವರಿಗೆ ಮಾತು ಕೊಡಬೇಡಿ. ನೀವಾಗಿ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಲು ಹೋಗಬೇಡಿ; ಮೊದಲು ಪ್ಲಗ್ಗು ಬಿಚ್ಚಿ, ಸಿಲಿಂಡರಿಗೆ ಒಂದಿಷ್ಟು ಎಂಜಿನ್ ಆಯಿಲ್ ಬಿಟ್ಟು ನೆನೆಯಲು ಬಿಡಿ. ಆಮೇಲೆ ನಿಮ್ಮೂರಿಗೆ ಹತ್ತಿರದ ಹಳೇ ಕಾರುಗಳ ಕ್ಲಬ್ಬಿಗೆ ಒಂದು ಮಾತು ತಿಳಿಸಿ.