ಶ್ರುತಿ ಬದಲಿಸಿದ ಪಿಟೀಲು: ಮೂಸಿಕಾ ಆಂಟಿಕ್ವಾ ಕ್ಯೋಲ್ನ್ ವಾದ್ಯವೃಂದದ ಒಂದು ವಿಮರ್ಶೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಸುಮಾರು 1600ರಿಂದ 1750ರವರೆಗಿನ ಅವಧಿಯನ್ನು ಬರೋಕ್ ಯುಗವೆಂದು ಕರೆಯುವುದು ವಾಡಿಕೆ. ಆ ಕಾಲದ ರಚನೆಗಳು ಲಿಖಿತ ರೂಪದಲ್ಲಿ ಉಳಿದುಬಂದವು. ಅವುಗಳನ್ನು ನುಡಿಸುತ್ತಿದ್ದ ಬಗೆ ಉಳಿಯಲಿಲ್ಲ. ವಾದ್ಯಗಳೂ ಮಾರ್ಪಟ್ಟವು. ಪಿಟೀಲಿನ ಕುತ್ತಿಗೆ ಉದ್ದವಾಯಿತು, ಕರುಳಿನ ತಂತಿಗಳ ಸ್ಥಾನಕ್ಕೆ ಕ್ರಮೇಣ ಲೋಹ ಬಂದಿತು, ಕಮಾನಿನ ಬಾಗು ತಿರುವುಮುರುವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ವಾದ್ಯಗಳನ್ನೇ ಮರಳಿ ಕೈಗೆತ್ತಿಕೊಂಡ ವೃಂದಗಳಲ್ಲಿ, ರೈನ್‌ಹಾರ್ಡ್ ಗೋಬೆಲ್ ಅವರು 1973ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಸಹಪಾಠಿಗಳೊಡನೆ ಕಟ್ಟಿದ ಮೂಸಿಕಾ ಆಂಟಿಕ್ವಾ ಕ್ಯೋಲ್ನ್ ವಿಶಿಷ್ಟವಾದುದು. ಈ ಕಿರುವೃಂದ 2007ರಲ್ಲಿ ವಿಸರ್ಜನೆಗೊಂಡಿತು. ಅದರ ಧ್ವನಿಮುದ್ರಿಕೆಗಳು ಎತ್ತಿದ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ.

ಹಳೆಯ ವಾದ್ಯವನ್ನು ನುಡಿಸಿದ ಮಾತ್ರಕ್ಕೆ ಹಳೆಯ ನಾದ ದೊರೆಯುವುದೆ? ಅಮೆರಿಕದ ವಿದ್ವಾಂಸ ರಿಚರ್ಡ್ ಟಾರಸ್ಕಿನ್ ತಮ್ಮ ‘ಟೆಕ್ಸ್ಟ್ ಅಂಡ್ ಆಕ್ಟ್’ (1995) ಗ್ರಂಥದಲ್ಲಿ, ‘ಮೂಲನಿಷ್ಠೆ’ ಎಂಬ ಹೆಸರಿನಲ್ಲಿ ನಡೆಯುತ್ತಿರುವುದು ವಾಸ್ತವವಾಗಿ ಆಧುನಿಕ ಅಭಿರುಚಿಯ ಪ್ರತಿಪಾದನೆಯೆಂದು ವಾದಿಸಿದರು. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಹಳೆಯ ವಾದ್ಯದ ಪ್ರಯೋಜನವು ಗತಕಾಲದ ನಾದವನ್ನು ಮರಳಿ ತರುವುದರಲ್ಲಿಲ್ಲ. ಅದು ವಾದಕನಿಗೆ ಒಡ್ಡುವ ಪ್ರತಿರೋಧದಲ್ಲಿದೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಇದಕ್ಕೆ ಬೀಬರ್‌ನ ಕೃತಿಗಿಂತ ಉತ್ತಮ ನಿದರ್ಶನ ಬೇಕಿಲ್ಲ.

ಹೈನ್‌ರಿಷ್ ಬೀಬರ್ (1644–1704) ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್‌ರ ಆಸ್ಥಾನದಲ್ಲಿದ್ದ ಪಿಟೀಲುವಾದಕ. ಕ್ಯಾಥೊಲಿಕರ ಜಪಮಾಲೆಯ ಹದಿನೈದು ಧ್ಯಾನಪ್ರಸಂಗಗಳಿಗೆ ಒಂದೊಂದರಂತೆ ಆತ ರಚಿಸಿದ ಸೊನಾಟಗಳ ಹಸ್ತಪ್ರತಿ ಮ್ಯೂನಿಕ್‌ನಲ್ಲಿದೆ. ಅದರ ಶೀರ್ಷಿಕೆಪುಟ ಕಳೆದುಹೋಗಿದೆ. ಪ್ರತಿ ಸೊನಾಟದ ನೆತ್ತಿಯಲ್ಲಿ ಆಯಾ ಪ್ರಸಂಗದ ಕಿರುಚಿತ್ರವೊಂದಿದೆ. ಮೊದಲನೆಯ ಸೊನಾಟವನ್ನುಳಿದು ಮಿಕ್ಕ ಹದಿನಾಲ್ಕಕ್ಕೂ ಪಿಟೀಲಿನ ತಂತಿಗಳನ್ನು ಬೇರೆಬೇರೆಯಾಗಿ ಶ್ರುತಿ ಮಾಡಬೇಕು. ವಾದಕ ಬೆರಳಿಡುವುದು ಬರೆದ ಸ್ವರದ ಸ್ಥಾನದಲ್ಲಿ. ಕಿವಿಗೆ ಬೀಳುವುದು ಮತ್ತೊಂದು ಸ್ವರ. ಅನೇಕ ವರ್ಷಗಳ ಅಭ್ಯಾಸದಿಂದ ಕೈಗೂ ಕಿವಿಗೂ ಬೆಸೆದುಕೊಂಡಿದ್ದ ನಂಟು ಇಲ್ಲಿ ಹರಿದುಹೋಗುತ್ತದೆ.

ಎರಡನೆಯ ಸೊನಾಟದಲ್ಲಿ ತಂತಿಗಳು ತಗ್ಗಿನಿಂದ ಮೇಲಕ್ಕೆ ಎ–ಇ–ಎ–ಇ ಎಂದು ಕೂಡುತ್ತವೆ. ‘ಎ’ಯನ್ನು ಷಡ್ಜವೆಂದು ಹಿಡಿದರೆ ಇದು ಕರ್ನಾಟಕ ಸಂಗೀತದ ಪಿಟೀಲುವಾದಕರ ಸ–ಪ–ಸ–ಪ ಜೋಡಣೆಯೇ ಆಗಿದೆ. ಇವೆರಡರ ನಡುವೆ ಚಾರಿತ್ರಿಕ ಸಂಬಂಧವನ್ನು ಕಲ್ಪಿಸುವ ಅಗತ್ಯವಿಲ್ಲ. ಬಿಡಿತಂತಿಗಳು ಆಧಾರಸ್ವರಕ್ಕೆ ದನಿಗೂಡಿಸಿದಾಗ ವಾದ್ಯದ ಒಡಲೇ ಮೊಳಗುವುದೆಂಬ ಅರಿವು ಎರಡೂ ಕಡೆ ಸ್ವತಂತ್ರವಾಗಿ ಫಲಿಸಿದೆ. ಕ್ರಿಸ್ತನ ಪುನರುತ್ಥಾನವನ್ನು ಕುರಿತ ಹನ್ನೊಂದನೆಯ ಸೊನಾಟದಲ್ಲಂತೂ ನಡುವಣ ಎರಡು ತಂತಿಗಳನ್ನೇ ಅದಲುಬದಲು ಮಾಡಬೇಕು; ಆಗ ಕುದುರೆಯ ಹಿಂಬದಿಯಲ್ಲಿ ತಂತಿಗಳು ಶಿಲುಬೆಯಾಕಾರದಲ್ಲಿ ಹಾಯುತ್ತವೆ. ಸಭಿಕರ ಕಣ್ಣಿಗೆ ಕಾಣದ ಈ ಶಿಲುಬೆ ವಾದಕನೊಬ್ಬನಿಗಷ್ಟೇ ತಿಳಿದ ಸಂಗತಿ.

ಗೋಬೆಲ್ ಅವರು ಈ ಸೊನಾಟಗಳನ್ನು ನುಡಿಸಿರುವ ರೀತಿಯಲ್ಲಿ ಭಕ್ತಿಯ ಮಾಧುರ್ಯವನ್ನು ಅರಸುವವರು ನಿರಾಶರಾಗಬಹುದು. ಕಮಾನಿನ ಎಳೆತ ಒರಟು, ವಿರಾಮಗಳು ಹಠಾತ್ತನೆ ಬಂದೆರಗುತ್ತವೆ. ಬಿಗಿಗೊಳಿಸಿದ ಕರುಳುತಂತಿಯ ಆಯಾಸವನ್ನು ಅವರು ಮುಚ್ಚಿಡುವುದಿಲ್ಲ. ಕೊನೆಯಲ್ಲಿ ಬರುವ ಪಾಸಕಾಲಿಯಾ ಒಂಟಿ ಪಿಟೀಲಿಗೆ ರಚಿತವಾದುದು. ಅದರಲ್ಲಿ ಸ–ನಿ–ದ–ಪ ಎಂದಿಳಿಯುವ ನಾಲ್ಕೇ ಸ್ವರಗಳು ಆದ್ಯಂತ ಪುನರಾವರ್ತನೆಗೊಳ್ಳುತ್ತವೆ. ಇಲ್ಲಿ ಮಾತ್ರ ಶ್ರುತಿ ಮತ್ತೆ ಸಾಮಾನ್ಯ ಸ್ಥಿತಿಗೆ ಮರಳುತ್ತದೆ. ದೀರ್ಘ ಯಾತ್ರೆಯ ತರುವಾಯ ಮನೆಯ ಹೊಸ್ತಿಲು ತುಳಿದಂತಹ ಆ ನೆಮ್ಮದಿ, ಹಿಂದಿನ ಹದಿನಾಲ್ಕು ಶ್ರುತಿಗಳ ಕಷ್ಟವನ್ನು ಅನುಭವಿಸಿದವರಿಗೇ ದಕ್ಕತಕ್ಕದ್ದು.

1990ರ ಸುಮಾರಿಗೆ ನರಸಂಬಂಧಿಯಾದ ತೊಂದರೆಯಿಂದ ಗೋಬೆಲ್ ಅವರ ಎಡಗೈ ಬೆರಳುಗಳು ಸ್ವಾಧೀನ ತಪ್ಪಿದವು. ಅವರು ಪಿಟೀಲನ್ನು ತೊರೆಯಲಿಲ್ಲ. ಎಡಗೈಯಲ್ಲಿ ಕಮಾನು ಹಿಡಿದು, ಬಲಗೈ ಬೆರಳುಗಳಿಂದ ಸ್ವರಸ್ಥಾನಗಳನ್ನು ಒತ್ತುವುದನ್ನು ಮೊದಲಿನಿಂದ ಕಲಿತರು. ಚಾರಿತ್ರಿಕ ನಿಷ್ಠೆಯ ದೃಷ್ಟಿಯಿಂದ ಹದಿನೇಳನೆಯ ಶತಮಾನದ ಪದ್ಧತಿಗೆ ಇದಕ್ಕಿಂತ ದೂರವಾದುದು ಮತ್ತೊಂದಿರಲಾರದು. ಆದರೂ ವೃಂದದ ನಾದಗುಣ ಕೆಡಲಿಲ್ಲ. ಟಾರಸ್ಕಿನ್ನರ ಆಕ್ಷೇಪಣೆಗೆ ಇದು ಒಂದು ಬಗೆಯ ಉತ್ತರವೆನ್ನಬಹುದು.

ದೋಷಗಳೇ ಇಲ್ಲವೆಂದಲ್ಲ. ಬಾಕ್ 1721ರಲ್ಲಿ ಅರ್ಪಿಸಿದ ಬ್ರಾಂಡೆನ್‌ಬರ್ಗ್ ಕನ್ಸರ್ಟೋಗಳನ್ನು ಈ ವೃಂದ 1980ರ ದಶಕದಲ್ಲಿ ಧ್ವನಿಮುದ್ರಿಸಿತು. ಆರನೆಯ ಕನ್ಸರ್ಟೋದಲ್ಲಿ ಪಿಟೀಲುಗಳೇ ಇಲ್ಲ. ಎರಡು ವಿಯೋಲಾಗಳು ಅತ್ಯಲ್ಪ ಕಾಲದಂತರದಲ್ಲಿ ಒಂದನ್ನೊಂದು ಹಿಂಬಾಲಿಸುತ್ತವೆ. ಈ ಅನುಸರಣೆಯೇ ಅದರ ಮೊದಲ ಭಾಗದ ಪ್ರಾಣ. ಗೋಬೆಲ್ ಅವರ ವಿಪರೀತ ದ್ರುತಗತಿಯಲ್ಲಿ ಹಿಂಬಾಲಿಸುವವನೂ ಮುಂದಿರುವವನೂ ಬೆರೆತುಹೋಗಿ, ಕೇಳುಗನಿಗೆ ಉಳಿಯುವುದು ವೇಗದ ಬೆರಗು ಮಾತ್ರ. ವಾದ್ಯದ ಪ್ರತಿರೋಧವನ್ನು ಆಲಿಸಬೇಕಾದಲ್ಲಿ ಅವರು ಅದನ್ನು ಮೆಟ್ಟಿ ನಡೆದಿದ್ದಾರೆ. ಇದೇ ಕೃತಿಗಳನ್ನು 2017ರಲ್ಲಿ ಅವರು ಮತ್ತೊಮ್ಮೆ ಪ್ರಕಟಿಸಿದರು, ನಿರ್ದೇಶಕರಾಗಿ. ಈ ಬಾರಿ ಜೊತೆಗಿದ್ದ ಬರ್ಲಿನ್ ಬರೋಕ್ ಸೋಲೋಯಿಸ್ಟ್ಸ್ ವೃಂದದವರ ಕೈಯಲ್ಲಿದ್ದುದು ಆಧುನಿಕ ವಾದ್ಯಗಳು.