ಮುಯ್ಯಿ ಲೆಕ್ಕ, ಕೈದಿಯ ಲೆಕ್ಕ

ಪಿರಿಯಾಪಟ್ಟಣದ ಕಡೆ ಮದುವೆಗೆ ಹೋದವರು ಆ ಮೇಜನ್ನು ನೋಡಿಯೇ ಇರುತ್ತಾರೆ. ಅಕ್ಷರ ದುಂಡಗಿರುವ ಹುಡುಗನೊಬ್ಬ ರೂಲು ಪುಸ್ತಕ ಹಿಡಿದು ಕೂತಿರುತ್ತಾನೆ. ಊರು, ಹೆಸರು, ಮೊತ್ತ. ಮುಯ್ಯಿ ಬರೆಯುವುದೆಂದರೆ ಇದು. ನಾಳೆ ಅವರ ಮನೆಯಲ್ಲಿ ಮದುವೆಯಾದರೆ ಪುಸ್ತಕ ತೆಗೆದು ನೋಡಿ, ಬಂದದ್ದಕ್ಕೆ ಒಂದಿಷ್ಟು ಸೇರಿಸಿ ಹಾಕಬೇಕು. ಕಡಿಮೆ ಹಾಕಿದರೆ ಮಾತು ಬರುತ್ತದೆ. ಸರಿಸಮ ಹಾಕಿದರೆ ಅದಕ್ಕೂ ಒಂದು ಅರ್ಥವಿದೆ: ಬಾಕಿ ಚುಕ್ತಾ, ನಂಟು ಸಾಕು. ಇದೇ ಪದ ಹೊಲಕ್ಕಿಳಿದರೆ ಮುಯ್ಯಾಳು. ಇವತ್ತು ನಿಮ್ಮ ಕಳೆಗೆ ನಾವು, ನಾಳೆ ನಮ್ಮ ನಾಟಿಗೆ ನೀವು. ಜಗಳಕ್ಕೆ ಹೋದರೆ ಮುಯ್ಯಿ ತೀರಿಸಿಕೊಳ್ಳುವುದು, ಅಂದರೆ ಸೇಡು. ಉಡುಗೊರೆ, ದುಡಿಮೆ, ಹಗೆ ಮೂರನ್ನೂ ಒಂದೇ ಪದ ಹೊತ್ತಿದೆ.

ಆಟದ ಸಿದ್ಧಾಂತದವರು (ಗೇಮ್ ಥಿಯರಿ) ಈ ಲೆಕ್ಕಕ್ಕೆ ಬರಲು ಸುತ್ತುದಾರಿ ಹಿಡಿದರು. ಫಾನ್ ನಾಯ್ಮನ್ ಮತ್ತು ಮಾರ್ಗನ್‌ಸ್ಟರ್ನ್ 1944ರಲ್ಲಿ ಅಡಿಪಾಯ ಹಾಕಿದರು. 1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಹುಟ್ಟಿದ ಒಗಟಿಗೆ 'ಕೈದಿಗಳ ಇಕ್ಕಟ್ಟು' ಎಂಬ ಹೆಸರು ಬಿತ್ತು. ಬೇರೆ ಬೇರೆ ಕೂಡಿಹಾಕಿದ ಇಬ್ಬರು ಕೈದಿಗಳೂ ಬಾಯಿ ಬಿಡದಿದ್ದರೆ ಇಬ್ಬರಿಗೂ ಒಳ್ಳೆಯದು. ಆದರೆ ತನ್ನಷ್ಟಕ್ಕೆ ಲೆಕ್ಕ ಹಾಕುವವನಿಗೆ ಬಾಯಿ ಬಿಡುವುದೇ ಲಾಭ. ಮೂವತ್ತು ವರ್ಷದ ಮೇಲೆ ರಾಬರ್ಟ್ ಆಕ್ಸೆಲ್‌ರಾಡ್ ಈ ಆಟವನ್ನು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಆಡಿಸಿದಾಗ ಗೆದ್ದದ್ದು ಅನಟೋಲ್ ರ‍್ಯಾಪಪೋರ್ಟ್ ಕಳಿಸಿದ್ದ, ಎಲ್ಲಕ್ಕಿಂತ ಚಿಕ್ಕ ಪ್ರೋಗ್ರಾಮು: ಮೊದಲು ನಂಬು, ಆಮೇಲೆ ಅವನು ಮಾಡಿದ್ದನ್ನೇ ಮಾಡು. ಮುಯ್ಯಿಗೆ ಮುಯ್ಯಿ! ನಮ್ಮ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ಒಡಿಶಾದ ಹಳ್ಳಿಗಳಲ್ಲಿದ್ದು ಬಂದ ಮಾನವಶಾಸ್ತ್ರಜ್ಞ ಎಫ್.ಜಿ. ಬೈಲಿ 1969ರಲ್ಲೇ ರಾಜಕೀಯವನ್ನು ಆಟವೆಂದು ಕರೆದು, ಅದಕ್ಕೆ ಎದುರಿಗೆ ಹೇಳುವ ನಿಯಮ ಬೇರೆ, ಗೆಲ್ಲಲು ಬಳಸುವ ನಿಯಮ ಬೇರೆ ಎಂದಿದ್ದರು. ಈ ಪಂಥದಲ್ಲಿ ನನಗೆ ಹೆಚ್ಚು ಒಗ್ಗುವುದು ಬೈಲಿಯೇ. ಯಾಕೆಂಬುದು ಹುಣಸೂರಿಗೆ ಬಂದರೆ ತಿಳಿಯುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಒಂದಿಷ್ಟು ಕೆ.ಆರ್. ನಗರ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ತಂಬಾಕು ಮಂಡಳಿ 1975ರ ಕಾಯ್ದೆಯಿಂದ ಹುಟ್ಟಿತು, ಕರ್ನಾಟಕದಲ್ಲಿ ಹರಾಜು 1984ರಲ್ಲಿ ಶುರುವಾಯಿತು. ವರ್ಷಕ್ಕೆ ಇಷ್ಟೇ ಬೆಳೆಯಬೇಕೆಂದು ಮಂಡಳಿ ಮಿತಿ ಹಾಕುತ್ತದೆ. ಇತ್ತೀಚೆಗೆ ರಾಜ್ಯಕ್ಕೆ 10 ಕೋಟಿ ಕೆಜಿಯ ಆಸುಪಾಸು. ಅದನ್ನು ಸೊಪ್ಪು ಹದಮಾಡುವ ಗೂಡುಗಳಿಗೆ, ಅಂದರೆ ನೋಂದಾಯಿತ ಬ್ಯಾರನ್‌ಗಳಿಗೆ ಹಂಚುತ್ತದೆ. ಎಲ್ಲರೂ ಮಿತಿಯೊಳಗಿದ್ದರೆ ಎಲ್ಲರಿಗೂ ದರ. ಆದರೆ ನಾನೊಬ್ಬ ಅರ್ಧ ಎಕರೆ ಹೆಚ್ಚು ನೆಟ್ಟರೆ ದರವೇನೂ ಬಿದ್ದುಹೋಗುವುದಿಲ್ಲ, ನನ್ನ ಬೇಲು ಮಾತ್ರ ಹೆಚ್ಚುತ್ತದೆ. ಎಲ್ಲರೂ ಹಾಗೇ ಲೆಕ್ಕ ಹಾಕುತ್ತಾರೆ. ಪಠ್ಯಪುಸ್ತಕದ ಕೈದಿಗಳು ಇಲ್ಲಿ ಸಾವಿರಗಟ್ಟಲೆ.

ಪಠ್ಯಪುಸ್ತಕ ಅಲ್ಲಿಗೇ ನಿಲ್ಲುತ್ತದೆ, ಕಥೆ ನಿಲ್ಲುವುದಿಲ್ಲ. ಹೆಚ್ಚುವರಿ ಸೊಪ್ಪಿಗೆ ದಂಡವಿದೆ. ಮಳೆ ಕೆಟ್ಟು ಇಳುವರಿ ಬಿದ್ದ ವರ್ಷ ಕೇಂದ್ರ ಸರ್ಕಾರವೇ ದಂಡ ಸಡಿಲಿಸಿ, ಹೆಚ್ಚುವರಿ ಸೊಪ್ಪನ್ನೂ ಅನಧಿಕೃತ ಸೊಪ್ಪನ್ನೂ ಹರಾಜಿಗೆ ಬಿಟ್ಟದ್ದೂ ಇದೆ. ರೈತನ ಕಷ್ಟ ನೋಡಿದರೆ ಅದು ತಪ್ಪಲ್ಲ. ಆದರೆ ಮಿತಿ ಪಾಲಿಸಿದವನು ಆ ವರ್ಷ ಬೆಪ್ಪನಾದ. ಮುಂದಿನ ಮೇ ತಿಂಗಳಲ್ಲಿ ನಾಟಿಗೆ ನಿಂತಾಗ ಅವನ ತಲೆಯಲ್ಲಿ ಓಡುವುದು ದಂಡದ ಲೆಕ್ಕವಲ್ಲ, ಮನ್ನಾದ ಲೆಕ್ಕ. ಬೆದರಿಕೆಯನ್ನು ಎದುರಾಳಿ ನಂಬಬೇಕು, ಇಲ್ಲದಿದ್ದರೆ ಅದು ಬೆದರಿಕೆಯೇ ಅಲ್ಲ ಎಂದು ಥಾಮಸ್ ಶೆಲ್ಲಿಂಗ್ 1960ರಲ್ಲಿ ಬರೆದದ್ದು ಇದನ್ನೇ. ಬೈಲಿ ಹೇಳಿದ ಎರಡು ಬಗೆಯ ನಿಯಮಗಳೂ ಇಲ್ಲಿ ಪಕ್ಕಪಕ್ಕದಲ್ಲೇ ಕೂತಿವೆ.

ಇನ್ನು ಹರಾಜಿನ ಅಂಗಳ. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಬೇಲುಗಳು ಸಾಲಾಗಿ ಕೂತಿರುತ್ತವೆ. ಒಂದೊಂದರ ಮುಂದೆ ಕೆಲವೇ ಕ್ಷಣ, ಗುಂಡಿ ಒತ್ತಿದರೆ ದರ. ಯಾರೂ ಒತ್ತದಿದ್ದರೆ ಅದು 'ನೋ ಬಿಡ್'. ರೈತ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಮುಂದಿನ ಬೇಲಿನ ಹತ್ತಿರ ಹೋಗುತ್ತಾನೆ. ಮತ್ತೆ ಮತ್ತೆ ಎದುರಾಗುವವರು ಸಹಕರಿಸುತ್ತಾರೆ ಎಂಬ ಆಕ್ಸೆಲ್‌ರಾಡ್ ಸೂತ್ರ ಇಲ್ಲಿ ಕುಂಟುತ್ತದೆ. ಕೊಳ್ಳುವವರು ಬೆರಳೆಣಿಕೆಯಷ್ಟು. ಅವರಿಗೆ ಆಂಧ್ರವಿದೆ, ಬ್ರೆಜಿಲ್ ಇದೆ. ಸಾಲ ತಂದು ಬ್ಯಾರನ್ ಕಟ್ಟಿದವನಿಗೆ ಬೇರೆ ಅಂಗಳವಿಲ್ಲ. ಬಳಸುವವರೇ ನಿಯಮ ಕಟ್ಟಿಕೊಂಡರೆ ಅದು ಬಾಳುತ್ತದೆ ಎಂದು ತೋರಿಸಿ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರನ್ನು ಈ ಚರ್ಚೆಗೆ ಎಳೆತರುವುದು ಸುಲಭ. ಮಂಡಳಿಯಲ್ಲಿ ಬೆಳೆಗಾರರ ಪ್ರತಿನಿಧಿಗಳಿದ್ದಾರೆ, ನಿಜ. ಕೇಂದ್ರ ಕಚೇರಿ ಮಾತ್ರ ಗುಂಟೂರಿನಲ್ಲಿದೆ.

ಆಟದ ಸಿದ್ಧಾಂತದ ದೊಡ್ಡ ಕುರುಡು ಬೇರೆ ಕಡೆ ಇದೆ. ಮುರಿದ ಸೊಪ್ಪನ್ನು ತಡಮಾಡದೆ ಕಡ್ಡಿಗೆ ಕಟ್ಟಿ ಬ್ಯಾರನ್‌ಗೆ ಏರಿಸಬೇಕು, ಇಲ್ಲದಿದ್ದರೆ ಕೆಡುತ್ತದೆ. ಆ ಗಡಿಬಿಡಿಗೆ ಮುಯ್ಯಾಳು ಹೇಳಿ ಮಾಡಿಸಿದ ಏರ್ಪಾಡು. ಆದರೆ ಮುಯ್ಯಿ ನಡೆಯುವುದು ತಿರುಗಿ ಕರೆಯಲು ಹೊಲವಿರುವವರ ನಡುವೆ. ಎಚ್.ಡಿ. ಕೋಟೆಯ ಆದಿವಾಸಿ ಹಾಡಿಯಿಂದ ಕೂಲಿಗೆ ಬರುವ ಜೇನುಕುರುಬ ಹೆಂಗಸಿನ ಹೊಲಕ್ಕೆ ಯಾವ ಗೌಡರ ಮನೆಯವರು ಮುಯ್ಯಾಳಾಗಿ ಹೋಗುತ್ತಾರೆ? ಕಬಿನಿ ಅಣೆಕಟ್ಟು, ನಾಗರಹೊಳೆ ಎಂದು ಎಬ್ಬಿಸಿದ ಮೇಲೆ ಹೊಲವೇ ಇಲ್ಲದವರೆಷ್ಟೋ. ಅವಳಿಗೆ ಸಿಗುವುದು ಕೂಲಿ, ಇಲ್ಲವೇ ಕೊಡಗಿನ ಕಾಫಿ ತೋಟದ ಮುಂಗಡ. ಆಟಗಾರರು ಯಾರೆಂದು ತೀರ್ಮಾನಿಸಿದ ಮೇಲೆ ಶುರುವಾಗುವ ಸಿದ್ಧಾಂತಕ್ಕೆ, ಆಟದ ಹೊರಗೆ ನಿಂತವಳು ಕಾಣುವುದೇ ಇಲ್ಲ. ಬರೀ ಸ್ವಾರ್ಥದ ಲೆಕ್ಕ ಹಾಕುವವನನ್ನು ಅಮರ್ತ್ಯ ಸೇನ್ 1977ರಲ್ಲಿ 'ತರ್ಕಬದ್ಧ ಮೂರ್ಖ' ಎಂದು ಗೇಲಿ ಮಾಡಿದರು. ಅದು ಸರಿಯೇ, ಆದರೆ ಅರ್ಧ. ಮೂರ್ಖನಾಗುವುದಕ್ಕೂ ಮೊದಲು ಆಟದೊಳಗೆ ಜಾಗ ಬೇಕಲ್ಲ.

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ರಾಮಪುರವೆಂದು ಹೆಸರು ಮರೆಸಿದ ಹಳ್ಳಿಯಲ್ಲಿ ಕೂತು, ಸೂತ್ರಗಳ ಗೊಡವೆಗೆ ಹೆಚ್ಚು ಹೋಗದೆ, ಯಾರು ಯಾರ ಜಗಲಿ ಹತ್ತುತ್ತಾರೆ ಎಂಬುದನ್ನು ನೋಡಿದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಅವರ ಟಿಪ್ಪಣಿಗಳು ಸುಟ್ಟವು. ನೆನಪಿನಿಂದಲೇ ಪುಸ್ತಕ ಬಂದದ್ದು 1976ರಲ್ಲಿ. ಆಟದ ಸಿದ್ಧಾಂತಕ್ಕೆ ಆ ಕಣ್ಣನ್ನು ಕೂಡಿಸಿದವರು ನಮ್ಮಲ್ಲಿ ತೀರಾ ಕಡಿಮೆ. ಮಾನಸಗಂಗೋತ್ರಿಯಲ್ಲಿ ಸಮಾಜಶಾಸ್ತ್ರ ಓದುವ ಹುಡುಗ ಹುಡುಗಿಯರಿಗೆ ಒಂದು ಮಾತು: ಪ್ರಯೋಗಾಲಯದ ಕೈದಿಗಳನ್ನು ಬಿಟ್ಟು ಈ ನಾಲ್ಕು ತಾಲ್ಲೂಕಿನ ಮನೆಗಳ ಮುಯ್ಯಿ ಪುಸ್ತಕ ಕೇಳಿ. ಟ್ರಂಕಿನಲ್ಲೋ ಅಟ್ಟದ ಮೇಲೋ ಇಟ್ಟಿರುತ್ತಾರೆ, ಕಾಫಿ ಕೊಟ್ಟು ತೋರಿಸುತ್ತಾರೆ. ಅದರಲ್ಲಿ ಯಾವ ಊರು, ಯಾವ ಕೇರಿ, ಯಾವ ಹಾಡಿಯ ಹೆಸರು ಇಲ್ಲವೆಂಬುದನ್ನು ಮೊದಲು ಬರೆದುಕೊಳ್ಳಿ.