ನಂಬರ್ ಪ್ಲೇಟಿನ ಭಯ

ಪಾಲ್ ಥೆರೂ ಎಪ್ಪತ್ತು ದಾಟಿದ ಮೇಲೆ ತಮ್ಮದೇ ಕಾರಿನಲ್ಲಿ ಮೆಕ್ಸಿಕೊ ಸುತ್ತಿ ಬರೆದ ಪುಸ್ತಕ ‘ಆನ್ ದ ಪ್ಲೇನ್ ಆಫ್ ಸ್ನೇಕ್ಸ್’ (2019). ಕಾರು ಕದಿಯುತ್ತಾರೆ, ಕೊಲ್ಲುತ್ತಾರೆ, ಹೋಗಬೇಡಿ ಎಂದವರೇ ಹೆಚ್ಚು. ಆದರೆ ದಾರಿಯಲ್ಲಿ ಕಾರು ತಡೆದು ಹಣ ಕಿತ್ತವರು ಕಳ್ಳರಲ್ಲ, ಪೊಲೀಸರು. ಅಮೆರಿಕದ ನಂಬರ್ ಪ್ಲೇಟೇ ಅವರಿಗೆ ಸಾಕಾಯಿತು. ಈ ಪುಟಗಳಲ್ಲಿ ಥೆರೂ ಅವರ ಎಂದಿನ ಬಿಗುಮಾನ ಸಡಿಲವಾಗಿ, ಹೆದರಿದ ಮುದುಕನೊಬ್ಬ ಕಾಣುತ್ತಾನೆ. ನನಗೆ ಇಷ್ಟವಾದದ್ದು ಅದೇ.

ತಕರಾರೂ ಅಲ್ಲೇ ಇದೆ. ಕೇಳಿದಷ್ಟು ಕೊಟ್ಟು ಥೆರೂ ಮುಂದೆ ಸಾಗಬಲ್ಲರು. ಇದೇ ಪುಸ್ತಕದಲ್ಲಿ ಅವರು ತಾಳ್ಮೆಯಿಂದ ಮಾತನಾಡಿಸುವ ವಲಸಿಗರು ಹಾಗಲ್ಲ. ಕಿತ್ತುಕೊಳ್ಳಲು ಅವರ ಬಳಿ ಕಾರೂ ಇಲ್ಲ, ಡಾಲರೂ ಇಲ್ಲ, ಉಳಿದಿರುವುದು ಮೈಯೊಂದೇ. ಅವರ ಕತೆಗಳನ್ನು ಓದಿ ಮತ್ತೆ ಪೊಲೀಸರ ಪ್ರಸಂಗಕ್ಕೆ ಮರಳಿದರೆ, ಅದನ್ನು ಅಷ್ಟು ಹಿಗ್ಗಿಸಬೇಕಿರಲಿಲ್ಲ ಅನ್ನಿಸುತ್ತದೆ.